ಮೊದಲು ಇಂಜೆಕ್ಷನ್, ಜೊತೆಗೆ ತೀರ್ಥ: ಸಾವಿನ ಹೊತ್ತಿಗೆ ಕೊಡಗಿನ ಮನೆಗಳಿಗೊಂದು ಕೈಪಿಡಿ

ಕೊಡಗಿನ ಬಹಳಷ್ಟು ಮನೆಗಳಲ್ಲಿ ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ಇರುತ್ತದೆ. ಕೊನೆಯುಸಿರಿನ ಹೊತ್ತಿಗೆ ಒಂದು ಹನಿ ಬಾಯಿಗೆ ಬಿದ್ದರೆ ಮೋಕ್ಷ ಎಂಬ ನಂಬಿಕೆಯಿಂದ ಅದನ್ನು ಜೋಪಾನ ಮಾಡುತ್ತಾರೆ. ಅದೇ ಮನೆಯ ಬೀರುವಿನಲ್ಲಿ ಬಿಪಿ ಮಾತ್ರೆ, ಇಸಿಜಿ ಚೀಟಿ, ಆಸ್ಪತ್ರೆಯ ಫೈಲು ಇರುತ್ತವೆ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ವಾದಿಸುತ್ತ ಕೂರಲು ಬಿಡುವಿನ ಸಂಜೆ ಬೇಕು. ಮನೆಯಲ್ಲಿ ಒಬ್ಬರು ಕುಸಿದು ಬಿದ್ದಾಗ ಬೇಕಾಗುವುದು ಬೇರೆಯೇ ಉತ್ತರ: ಈಗ ಮೊದಲು ಯಾವುದು?

ಇಡೀ ಕೈಪಿಡಿ ಒಂದು ಲೆಕ್ಕದ ಮೇಲೆ ನಿಂತಿದೆ. ವಿಜ್ಞಾನ ಕೊಡುವ ಪ್ರತಿಯೊಂದು ಭರವಸೆಗೂ ಗಡುವಿದೆ. ನಿಂತ ಹೃದಯಕ್ಕೆ ನಿಮಿಷಗಳು, ಹಾವಿನ ವಿಷಕ್ಕೆ ಗಂಟೆಗಳು, ದಾನ ಮಾಡುವ ಕಣ್ಣಿಗೆ ಆರು ಗಂಟೆ. ನಂಬಿಕೆ ಕೊಡುವ ಭರವಸೆ ಬಹುತೇಕ ಕಾಯಬಲ್ಲದು. ತಿಥಿ ತಪ್ಪಿದರೆ ಪರಿಹಾರ ಹೇಳುವ ಹಿರಿಯರಿದ್ದಾರೆ, ಕರ್ಮ ತಡವಾದರೆ ಮಾಡುವ ವಿಧಾನವಿದೆ. ಹಾಗಾಗಿ ಗಡುವು ಇರುವುದನ್ನು ಮೊದಲು ಮಾಡಿ, ಕಾಯಬಲ್ಲದ್ದನ್ನು ಅದರ ಬೆನ್ನಿಗೇ ಮಾಡಿ, ಎರಡರಲ್ಲಿ ಒಂದನ್ನೂ ಬಿಡಬೇಡಿ. ಈ ಲೆಕ್ಕ ಹೊಂದದ ಜಾಗವೂ ಒಂದಿದೆ. ಅದು ಮುಂದೆ ಬರುತ್ತದೆ.

ಎದೆ ಹಿಡಿದುಕೊಂಡಾಗ, ಕುಸಿದು ಬಿದ್ದಾಗ

ಎರಡೂ ಬೇರೆ ಬೇರೆ. ಎದೆನೋವಿದ್ದು ಮಾತಾಡುತ್ತಿದ್ದರೆ ಅದು ಹೃದಯಾಘಾತ ಇರಬಹುದು. ಕರೆದರೂ ಓಗೊಡದೆ, ಉಸಿರು ಸರಿಯಾಗಿಲ್ಲದೆ ಬಿದ್ದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು.

ಮಾತಾಡುತ್ತಿರುವವರನ್ನು ಕೂರಿಸಿ, ನಡೆಸಬೇಡಿ. ಆಸ್ಪಿರಿನ್ ಅಲರ್ಜಿ ಅಥವಾ ರಕ್ತಸ್ರಾವದ ಹುಣ್ಣು ಇಲ್ಲದವರಾದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡ ಎಂದರೆ ಮನೆಯ ಜೀಪಿನಲ್ಲೇ ಹೊರಡಿ. ಇಲ್ಲಿ ಮನೆಗಳು ಮಾಡುವ ದೊಡ್ಡ ತಪ್ಪು, ನೇರ ಮೈಸೂರಿಗೆ ಗಾಡಿ ತಿರುಗಿಸುವುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಗಾಲದಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಮೊದಲ ಕೆಲವು ಗಂಟೆಗಳಲ್ಲಿ ಮಾಡುವಷ್ಟು ಉಪಕಾರವನ್ನು ಆಮೇಲೆ ಮಾಡಲಾರದು. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರು ನೋಡಿ, ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವುದು. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಯಂತ್ರವೂ ಈ ಇಂಜೆಕ್ಷನ್ನೂ ಇವೆಯೇ ಎಂದು ಈ ವಾರವೇ ವಿಚಾರಿಸಿ ಇಟ್ಟುಕೊಳ್ಳಿ. ಮೈಸೂರು ಆಮೇಲೆ.

ಹೃದಯ ನಿಂತವರಿಗೆ ಮಾಡಬೇಕಾದದ್ದು ಎದೆ ಒತ್ತುವುದು. ಹಾಸಿಗೆಯಿಂದ ಇಳಿಸಿ ಗಟ್ಟಿ ನೆಲದ ಮೇಲೆ ಮಲಗಿಸಿ. ಎದೆಮೂಳೆಯ ಕೆಳಭಾಗದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಿಸಬೇಕು. ದಣಿದವರ ಒತ್ತು ಮೇಲ್ಮೇಲೆ ಆಗುತ್ತದೆ, ಅದು ಅವರಿಗೇ ಗೊತ್ತಾಗುವುದಿಲ್ಲ. ತರಬೇತಿ ಇಲ್ಲದವರು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವ ಗೋಜಿಗೆ ಹೋಗಬೇಕಿಲ್ಲ. ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿದವರಿಗೆ ಮಾತ್ರ ಉಸಿರು ಕೊಡುವುದೇ ಮುಖ್ಯ, ಅಲ್ಲಿ ಉಸಿರಿನಿಂದಲೇ ಶುರು ಮಾಡಬೇಕು. ಒತ್ತುವುದು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ.

ಎಡವಟ್ಟಾಗುವುದು ಎರಡು ಕಡೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ತೆರೆದು ಮೀನಿನ ಹಾಗೆ ಏದುವುದಿದೆ. ‘ಉಸಿರಿದೆ, ತಡೆಯಿರಿ’ ಎಂದು ಒಬ್ಬರು ಕೂಗುತ್ತಾರೆ, ಎಲ್ಲರೂ ಕೈ ತೆಗೆಯುತ್ತಾರೆ. ಅದು ಉಸಿರಲ್ಲ, ಒತ್ತುವುದನ್ನು ನಿಲ್ಲಿಸಬೇಡಿ. ಎರಡನೆಯದು ತೀರ್ಥ. ಹಿರಿಯರೊಬ್ಬರು ಬಾಟಲಿ ತಂದು ಚಮಚದಲ್ಲಿ ಬಾಯಿಗೆ ಬಿಡುತ್ತಾರೆ. ಪ್ರಜ್ಞೆ ತಪ್ಪಿದವರು ನುಂಗಲಾರರು, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿಯಬಹುದಾದ ಜೀವಕ್ಕೆ ಅದೇ ಅಡ್ಡಿಯಾಗಬಹುದು. ಹಿರಿಯರನ್ನು ಗದರಬೇಡಿ. ಬೆರಳು ತೀರ್ಥದಲ್ಲಿ ಅದ್ದಿ ಹಣೆಗೆ ಹಚ್ಚಲು ಹೇಳಿ. ಅವರ ಕೈಗೂ ಕೆಲಸ ಸಿಗುತ್ತದೆ, ಎದೆ ಒತ್ತುವವರಿಗೂ ಅಡ್ಡಿಯಿಲ್ಲ.

ಹಾವು ಕಚ್ಚಿದಾಗ

ನಂಬಿಕೆ ಮತ್ತು ವಿಜ್ಞಾನ ನೇರ ಎದುರಾಗುವುದು ತೋಟದಲ್ಲಿ, ತೋಟದ ಕೆಲಸಗಾರರ ಲೈನ್‌ಮನೆಯ ಅಂಗಳದಲ್ಲಿ. ಮಂತ್ರಿಸುವವರ ಮನೆ ಅರ್ಧ ಮೈಲಿ, ಆಸ್ಪತ್ರೆ ಇಪ್ಪತ್ತು ಮೈಲಿ. ಮಂತ್ರದಿಂದ ವಾಸಿಯಾದವರನ್ನು ಎಲ್ಲರೂ ಕಂಡಿದ್ದಾರೆ. ಅದರ ಕಾರಣ ಹೀಗೆ: ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಆ ಎಲ್ಲರೂ ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ವಿಷ ಏರಿದವರಿಗೆ ಮಂತ್ರದ ಮನೆಯಲ್ಲಿ ಕಳೆದ ಒಂದೊಂದು ಗಂಟೆಯೂ ನಷ್ಟ.

ಮಾಡಬೇಕಾದದ್ದು ಇಷ್ಟು. ಉಂಗುರ, ಬಳೆ, ಕಾಲುಂಗುರ ತಕ್ಷಣ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವ ಹಾಗೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಅಲುಗದಂತೆ ಹೊತ್ತುಕೊಂಡು ಹೋಗಿ. ಬಿಗಿಯಾಗಿ ಹಗ್ಗ ಕಟ್ಟಬಾರದು. ಕೊಳಕುಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತದೆ, ಕಟ್ಟಿದರೆ ವಿಷವೆಲ್ಲ ಅಲ್ಲೇ ನಿಂತು ಕಾಲನ್ನೇ ಕಳೆದುಕೊಳ್ಳಬೇಕಾದೀತು. ಕೊಯ್ಯುವುದು, ಹೀರುವುದು, ಸೊಪ್ಪು ಅರೆದು ಹಚ್ಚುವುದು, ಯಾವುದೂ ಬೇಡ. ಹಾವನ್ನು ಹಿಡಿಯಲೂ ಹೋಗಬೇಡಿ. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಸಾಕು.

ಆಸ್ಪತ್ರೆಯಲ್ಲಿ ಮೊದಲು ನಡೆಯುವ ಪರೀಕ್ಷೆ ನೋಡಲು ಸರಳ. 2 ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ವಿಷ ಏರಿದ ಲಕ್ಷಣವಿದ್ದರೆ ಸಾಮಾನ್ಯವಾಗಿ 10 ಸೀಸೆ ಪ್ರತಿವಿಷದಿಂದ ಶುರು. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಬಿಟ್ಟ ವಿಷ ಮಗುವಿನ ತೂಕ ನೋಡಿ ಬಿಟ್ಟದ್ದಲ್ಲ. ಕಟ್ಟುಹಾವಿನ ವಿಷಯದಲ್ಲಿ ಎಚ್ಚರ ಬೇಕು: ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ ಕಂಡರೆ ಗಾಳಿ ಸೋಕಿದೆ ಎಂದು ಕೂರಬಾರದು.

ವಿಜ್ಞಾನಕ್ಕೂ ಇಲ್ಲಿ ಮಿತಿಯಿದೆ, ಅದನ್ನೂ ತಿಳಿದಿರಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಿಸಿದ್ದು. ಕಾಳಿಂಗ ಸರ್ಪಕ್ಕಾಗಲಿ, ಕಾಫಿ ಗಿಡದ ನಡುವೆ ಇರುವ ಮಲಬಾರ್ ಗುಳಿಮಂಡಲಕ್ಕಾಗಲಿ ತಯಾರಿಸಿದ್ದಲ್ಲ. ಆದರೂ ಆಸ್ಪತ್ರೆಗೇ ಹೋಗಬೇಕು, ಏಕೆಂದರೆ ಉಸಿರಾಟದ ಯಂತ್ರ, ಡಯಾಲಿಸಿಸ್, ಗಾಯದ ಆರೈಕೆ ಅಲ್ಲೇ ಇರುವುದು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಕರ್ನಾಟಕದಲ್ಲಿ ವಾಮಾಚಾರ ತಡೆಯುವ 2017ರ ಕಾಯ್ದೆಯ ಪ್ರಕಾರ ಅಪರಾಧ. ಹರಕೆ ಕಟ್ಟಿಕೊಳ್ಳುವುದು ಅಪರಾಧವಲ್ಲ. ಗಾಡಿ ಹೊರಟ ಮೇಲೆ ಮನೆಯಲ್ಲಿ ಉಳಿದವರು ಸುಬ್ರಹ್ಮಣ್ಯನಿಗೆ ಮುಡಿಪು ಕಟ್ಟಲಿ, ಮಂತ್ರ ಹೇಳುವವರು ಅಲ್ಲಿಂದಲೇ ಹೇಳಲಿ. ಗಾಡಿ ಮಾತ್ರ ನಿಲ್ಲಬಾರದು.

ವಾಸಿಯಾಗದ ಕಾಯಿಲೆ

ಇಲ್ಲಿ ಗಡುವಿನ ಲೆಕ್ಕ ಸೂಕ್ಷ್ಮವಾಗುತ್ತದೆ. ಕಾಯಿಲೆ ಗುಣವಾಗುವುದಿಲ್ಲ ಎಂದು ಗೊತ್ತಾದ ದಿನ ಮನೆಯವರು ಎರಡು ಕಡೆ ಓಡುತ್ತಾರೆ: ಒಂದು, ಇನ್ನೂ ದೊಡ್ಡ ಆಸ್ಪತ್ರೆ, ಇನ್ನೊಂದು, ಪವಾಡ. ಎರಡೂ ಒಂದೇ ಆಸೆಯ ಎರಡು ದಾರಿ. ಕೊನೆಯ ಹಂತದ ಕ್ಯಾನ್ಸರಿಗೆ ವೆಂಟಿಲೇಟರ್ ಹಾಕುವುದರಲ್ಲಿ ವಿಜ್ಞಾನವೂ ಇಲ್ಲ, ಹೋಮ ಮಾಡಿಸಿದರೆ ಗಡ್ಡೆ ಕರಗುತ್ತದೆ ಎನ್ನುವುದರಲ್ಲಿ ಧರ್ಮವೂ ಇಲ್ಲ.

ವೈದ್ಯರನ್ನು ಕೇಳಬೇಕಾದ ಮಾತು ‘ಉಳಿಸಬಹುದಾ?’ ಎಂಬುದಷ್ಟೇ ಅಲ್ಲ. ‘ಈ ಚಿಕಿತ್ಸೆಯಿಂದ ಎಷ್ಟು ದಿನ ಸಿಗುತ್ತದೆ, ಆ ದಿನಗಳು ಮನೆಯಲ್ಲೋ ಐಸಿಯುನಲ್ಲೋ, ನೋವು ಕಡಿಮೆಯಾಗುತ್ತದಾ?’ ಎಂದು ಮೂರನ್ನೂ ಬಿಡಿಸಿ ಕೇಳಿ. ನೋವಿಗೆ ಮಾರ್ಫಿನ್ ಬರೆದುಕೊಟ್ಟರೆ ಹೆದರಬೇಡಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ನೋವು ಬಂದಾಗಲಷ್ಟೇ ಕೊಡುವುದು ತಪ್ಪು, ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಖಂಡಿತ ಬರುತ್ತದೆ, ಅದರ ಔಷಧಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ. ನೋವು ಇಳಿದವರಿಗೇ ಜಪ ಮಾಡಲು, ಮಕ್ಕಳ ಕೈಹಿಡಿದು ಮಾತಾಡಲು ಆಗುವುದು. ನೋವಿನಲ್ಲಿ ಹೊರಳುವವರಿಗೆ ದೇವರೂ ನೆನಪಾಗುವುದಿಲ್ಲ.

ಯಂತ್ರಗಳ ನಡುವೆ ಸಾಯುವುದು ಬೇಡ ಎನ್ನುವವರಿಗೆ ಕಾನೂನು ದಾರಿ ಮಾಡಿಕೊಟ್ಟಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ನೀವು ಮಾಡಬೇಕಾದದ್ದು, ಬುದ್ಧಿ ಸ್ಥಿಮಿತದಲ್ಲಿರುವಾಗ ಒಂದು ಮುಂಗಡ ಸೂಚನೆ ಬರೆದಿಡುವುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ‘ಕಷ್ಟ ಕೊಡಬೇಡಿ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಗೆ, ಎದೆ ಒತ್ತುವುದು ಎಂದು ಒಂದೊಂದರ ಹೆಸರು ಹಿಡಿದು ಬರೆಯಬೇಕು. ನಿಮ್ಮ ಪರವಾಗಿ ಮಾತಾಡುವ, ಒಬ್ಬರಿಗಿಂತ ಹೆಚ್ಚು ನಂಬಿಕಸ್ಥರ ಹೆಸರು ಹಾಕಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಆಸ್ಪತ್ರೆಯಲ್ಲಿ ಅದನ್ನು ಜಾರಿ ಮಾಡುವ ಮೊದಲು ಮೂವರು ವೈದ್ಯರ ಎರಡು ಮಂಡಳಿಗಳು, ಒಂದರ ನಂತರ ಒಂದು, ಒಪ್ಪಬೇಕು; ಒಂದೊಂದಕ್ಕೂ ಸುಮಾರು 48 ಗಂಟೆಯ ಅವಧಿಯಿದೆ. ಇದು ದಯಾಮರಣದ ಇಂಜೆಕ್ಷನ್ ಅಲ್ಲ, ಅದಕ್ಕೆ ನಮ್ಮಲ್ಲಿ ಅನುಮತಿ ಇಲ್ಲ. ಬೇಡದ ಯಂತ್ರವನ್ನು ತೆಗೆದು, ದೇಹಕ್ಕೆ ಅದರ ದಾರಿ ಬಿಟ್ಟುಕೊಡುವುದು ಅಷ್ಟೇ.

ತೀರ್ಥ ಬಿಡುವ ಕ್ರಮ

ಕೊನೆ ಹತ್ತಿರವಾಗಿದೆ ಎಂದು ತಿಳಿಯುವ ಗುರುತುಗಳಿವೆ. ಊಟ ನೀರು ಬೇಡವಾಗುತ್ತದೆ. ಕೈಕಾಲು ತಣ್ಣಗಾಗಿ, ಮೊಣಕಾಲು ಪಾದಗಳ ಮೇಲೆ ನೇರಳೆ ಬಲೆಯಂಥ ಕಲೆಗಳು ಮೂಡುತ್ತವೆ. ಉಸಿರು ಜೋರಾಗಿ ಏರಿ, ಇಳಿದು, ಅರ್ಧ ನಿಮಿಷ ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗರಗರ ಸದ್ದು ಬರುತ್ತದೆ. ಕೇಳುವವರಿಗೆ ಸಂಕಟವಾದರೂ ಮಲಗಿದವರಿಗೆ ಅದರಿಂದ ಉಸಿರು ಕಟ್ಟಿದ ಅನುಭವ ಆಗುತ್ತಿರಲಿಕ್ಕಿಲ್ಲ; ಒಂದು ಮಗ್ಗುಲಿಗೆ ತಿರುಗಿಸಿದರೆ ಸದ್ದು ಕಡಿಮೆಯಾಗುತ್ತದೆ. ಬಲವಂತವಾಗಿ ಗಂಜಿ ಕುಡಿಸಬೇಡಿ.

ಈ ಹೊತ್ತು ತೀರ್ಥದ್ದು. ವಿಜ್ಞಾನದ ಗಡುವೆಲ್ಲ ಮುಗಿದಿರುವುದರಿಂದ ಯಾರೂ ಯಾರಿಗೂ ಅಡ್ಡಿಯಲ್ಲ. ಹಾಗಿದ್ದೂ ಕೊನೆಯ ಉಸಿರುಗಳು ಕೆಮ್ಮಿನಲ್ಲಿ ಕಳೆಯಬಾರದು ಎಂದಿದ್ದರೆ ಚಮಚ ಬಿಟ್ಟುಬಿಡಿ. ಶುಭ್ರವಾದ ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ. ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ ಪಕ್ಕಕ್ಕೆ ವಾಲಿಸಿ. ಮೊದಲು ತುಟಿ, ಆಮೇಲೆ ಒಳಗಿನ ಕೆನ್ನೆ, ಕೊನೆಗೆ ನಾಲಿಗೆಯ ತುದಿ. ಎರಡು ಮೂರು ಹನಿ ಸಾಕು. ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್, ಅಷ್ಟು ಬೇಡ. ಒಣಗಿ ಬಿರಿದ ಬಾಯಿಗೆ ನರ್ಸುಗಳು ಮಾಡುವ ಆರೈಕೆಯೂ ಇದೇ, ಎರಡು ಗಂಟೆಗೊಮ್ಮೆ ಒದ್ದೆ ಹತ್ತಿ. ಮನೆಯವರು ಒಬ್ಬೊಬ್ಬರೇ ಬಿಡುವ ಪದ್ಧತಿಯಿದ್ದರೆ ಇಪ್ಪತ್ತು ಜನ ಇಪ್ಪತ್ತು ಹನಿ ಬಿಟ್ಟಾರು. ಹಿರಿಯರು ಒಬ್ಬರೇ ಬಾಯಿಗೆ ಬಿಡಲಿ, ಉಳಿದವರು ಆ ಕೈಯನ್ನು ಮುಟ್ಟಲಿ ಅಥವಾ ಹಣೆಗೆ ಹಚ್ಚಲಿ. ತುಳಸಿ ದಳ ಇಟ್ಟರೆ ತುಟಿಯ ಮೇಲಿಟ್ಟು ತೆಗೆಯಿರಿ, ಗಂಟಲಿಗೆ ಜಾರಲು ಬಿಡಬೇಡಿ.

ಕೀಮೋ ತೆಗೆದುಕೊಳ್ಳುತ್ತಿರುವ, ಆದರೆ ಬದುಕುವ ದಾರಿಯಲ್ಲಿರುವವರಿಗೆ ತಿಂಗಳುಗಟ್ಟಲೆ ಬಾಟಲಿಯಲ್ಲಿ ನಿಂತ ತೀರ್ಥ ಕುಡಿಸಬೇಡಿ. ತಲೆಗೆ ಪ್ರೋಕ್ಷಣೆ ಮಾಡಿ. ಐಸಿಯುನಲ್ಲಿ ಬಾಯಿಗೆ ನಳಿಗೆ ಹಾಕಿದ್ದರೂ ಹಣೆಗೇ. ಕೇಳಿದರೆ ಬಹಳಷ್ಟು ನರ್ಸುಗಳು ಒಪ್ಪುತ್ತಾರೆ. ಸಂಕೋಚ ಪಟ್ಟು ಕೇಳದೇ ಉಳಿದ ಮಕ್ಕಳು ಆಮೇಲೆ ವರ್ಷಗಟ್ಟಲೆ ಕೊರಗುತ್ತಾರೆ.

ಮೊದಲ ಆರು ಗಂಟೆ

ಪ್ರಾಣ ಹೋದ ಮೇಲೆ ವಿಜ್ಞಾನಕ್ಕೆ ಇನ್ನೊಂದು ಗಡುವು ಶುರುವಾಗುತ್ತದೆ. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ, ಕಾರ್ನಿಯಾ, ಸಾವಿನ ನಂತರ ಆರು ಗಂಟೆಯೊಳಗೆ ಸಿಕ್ಕರೆ ಬೇರೆಯವರಿಗೆ ದೃಷ್ಟಿ ಕೊಡುತ್ತದೆ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಇಬ್ಬರ ಕಣ್ಣುಗಳೂ ದಾನವಾದವು. ಪುನೀತ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು.

ಕೊಡಗಿನಲ್ಲಿ ಆರು ಗಂಟೆ ಎಂದರೆ ಆರು ಗಂಟೆಯಲ್ಲ. ಕಣ್ಣಿನ ಬ್ಯಾಂಕಿನ ತಂಡ ಮೈಸೂರಿನಿಂದಲೋ ಮಂಗಳೂರಿನಿಂದಲೋ ಬರಬೇಕಾದರೆ ದಾರಿಯಲ್ಲೇ ಮೂರು ನಾಲ್ಕು ಗಂಟೆ. ಹಾಗಾಗಿ ಕರೆ ಮೊದಲ ಅರ್ಧ ಗಂಟೆಯಲ್ಲೇ ಹೋಗಬೇಕು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಅಥವಾ 104 ಆರೋಗ್ಯ ಸಹಾಯವಾಣಿಗೆ ಮೊದಲೇ ಕೇಳಿ, ನಿಮ್ಮ ಊರಿಗೆ ಹತ್ತಿರದ ತಂಡ ಯಾವುದು, ರಾತ್ರಿ ಬರುತ್ತಾರಾ ಎಂದು ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ಸಿಗದ ಊರಾದರೆ ಬೈಕಿನಲ್ಲಿ ಯಾರು ಸಿಗ್ನಲ್ ಸಿಗುವಲ್ಲಿಗೆ ಹೋಗಿ ಕರೆ ಮಾಡಬೇಕು ಎಂಬುದೂ ತೀರ್ಮಾನವಾಗಿರಲಿ.

ತಂಡ ಬರುವವರೆಗೆ ಕಣ್ಣು ಒಣಗಬಾರದು. ರೆಪ್ಪೆ ಮುಚ್ಚಿ, ಶುಭ್ರ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮೇಲಿಡಿ, ಆರದಂತೆ ಆಗಾಗ ಒದ್ದೆ ಮಾಡಿ. ತಲೆಯ ಕೆಳಗೆ ಎರಡು ದಿಂಬು, ಸುಮಾರು ಆರು ಇಂಚು ಎತ್ತರ. ಇಲ್ಲದಿದ್ದರೆ ರಕ್ತ ಇಳಿದು ರೆಪ್ಪೆಯ ಸುತ್ತ ಕಪ್ಪಾಗುತ್ತದೆ. ಫ್ಯಾನ್ ನಿಲ್ಲಿಸಿ. ತಲೆಯ ಬಳಿ ಹಚ್ಚುವ ದೀಪ ಒಂದು ಮಾರು ದೂರವಿರಲಿ, ಊದುಬತ್ತಿಯ ಹೊಗೆ ಮುಖದ ಕಡೆ ಬರದಿರಲಿ. ಸ್ನಾನವನ್ನು ತಂಡ ಹೋದ ಮೇಲೆ ಮಾಡಿಸಿ. ಮೊದಲೇ ಮಾಡಿಸಬೇಕೆಂದರೆ ಮುಖಕ್ಕೆ ಬಿಸಿನೀರು, ಸೋಪು, ಅರಿಶಿನ ಬೇಡ. ಸಾವಿನ ಸುದ್ದಿ ತಿಳಿಸುವ ಎರಡು ಗುಂಡು ಹಾರಿಸಲು, ನೆಂಟರಿಗೆ ಹೇಳಿಕಳಿಸಲು ಕಾಯಬೇಕಿಲ್ಲ. ವೈದ್ಯರಿಂದ ಸಾವಿನ ದೃಢೀಕರಣ, ಹತ್ತಿರದ ಬಂಧುವಿನ ಸಹಿ, ಇಬ್ಬರು ಸಾಕ್ಷಿಗಳು ಬೇಕು. ಸತ್ತವರು ಮೊದಲೇ ಹೆಸರು ನೋಂದಾಯಿಸಿರಬೇಕೆಂದೇನೂ ಇಲ್ಲ. ಕೆಲಸ ಇಪ್ಪತ್ತು ನಿಮಿಷದ್ದು, ಒಂದು ಕೋಣೆ ಖಾಲಿ ಮಾಡಿಕೊಟ್ಟರೆ ಸಾಕು. ಸ್ವಲ್ಪ ರಕ್ತವನ್ನೂ ಪರೀಕ್ಷೆಗೆ ತೆಗೆಯುತ್ತಾರೆ. ಮುಖ ವಿಕಾರವಾಗುವುದಿಲ್ಲ.

ವಯಸ್ಸು, ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕ್ಕೆ ಹರಡಿದ ಸೋಂಕು, ರಕ್ತದ ಕ್ಯಾನ್ಸರ್ ಇದ್ದರೆ ಆಗುವುದಿಲ್ಲ. ಅಪಘಾತದ ಸಾವಾದರೆ ಪೊಲೀಸರ ಒಪ್ಪಿಗೆ ಬೇಕು, ತಡವಾಗುವುದು ಸಾಮಾನ್ಯವಾಗಿ ಅಲ್ಲೇ.

‘ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟಿದರೆ?’ ಎಂದು ಅಜ್ಜಿ ಕೇಳಿದರೆ ನಗಬೇಡಿ. ‘ಅಜ್ಜೀ, ಬೆಂಕಿಗೆ ಕೊಟ್ಟ ಕಣ್ಣು ಮುಂದಿನ ಜನ್ಮಕ್ಕೆ ಬರುವುದಾದರೆ ದಾನ ಕೊಟ್ಟದ್ದು ಬರದೇ ಇರುತ್ತಾ?’ ಎಂದು ಅವರ ನಂಬಿಕೆಯ ಒಳಗಿನಿಂದಲೇ ಮಾತಾಡಿ.

ಮಿದುಳು ಸತ್ತು ಹೃದಯ ಬಡಿಯುತ್ತಿರುವ ಸ್ಥಿತಿ ಬೇರೆ, ಅದು ಐಸಿಯುನಲ್ಲಿ ಮಾತ್ರ ಬರುವಂಥದ್ದು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಕರ್ನಾಟಕದಲ್ಲಿ ಮುಂದಿನದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳು 2021ರಲ್ಲಿ ದಾನವಾದದ್ದು ಹೀಗೆ. ಎದೆ ಏರಿಳಿಯುತ್ತಿರುವುದನ್ನು ಕಣ್ಣಾರೆ ಕಂಡ ಮನೆಯವರಿಗೆ ಒಪ್ಪುವುದು ಕಷ್ಟ. ಉಸಿರಾಟದ ಯಂತ್ರವನ್ನು ಬೇರ್ಪಡಿಸಿ, ತಾವಾಗಿ ಉಸಿರೆಳೆಯುತ್ತಾರಾ ಎಂದು ನೋಡುವ ಪರೀಕ್ಷೆಯಲ್ಲಿ ಏನು ಕಂಡಿತು ಎಂದು ವೈದ್ಯರಿಂದ ವಿವರ ಕೇಳಿ.

ದೇಹದಾನ ಮತ್ತು ದೇಹವಿಲ್ಲದ ಕರ್ಮ

1957ರ ಅನಾಟಮಿ ಕಾಯ್ದೆಯಡಿ ವೈದ್ಯಕೀಯ ಕಾಲೇಜುಗಳು ದೇಹ ಪಡೆಯುತ್ತವೆ; ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಂಗರಚನಾ ವಿಭಾಗದಲ್ಲಿ ಅರ್ಜಿ ಕೇಳಿ, ಮಕ್ಕಳ ಸಹಿಯನ್ನೂ ಹಾಕಿಸಿ. ಒಬ್ಬ ಮಗ ಬೇಡವೆಂದರೂ ಕಾಲೇಜು ಹಿಂಜರಿಯುತ್ತದೆ. ಮರಣೋತ್ತರ ಪರೀಕ್ಷೆಯಾದ, ಕೊಳೆತ, ಸಾಂಕ್ರಾಮಿಕ ರೋಗವಿದ್ದ ದೇಹ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಟ್ಟ ದೇಹವಾದರೆ ತೊಂದರೆಯಿಲ್ಲ.

ಒಕ್ಕದ, ಅಂದರೆ ಮನೆತನದ, ಹಿರಿಯರು ಕೇಳುವುದು ಒಂದೇ: ಸುಡುವುದಕ್ಕೆ, ಹೂಳುವುದಕ್ಕೆ ದೇಹವೇ ಇಲ್ಲದಿದ್ದರೆ ಕರ್ಮ ಹೇಗೆ? 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದಾಗ ಮಣ್ಣಿನಡಿ ಸಿಕ್ಕವರೆಲ್ಲರ ದೇಹವೂ ಸಿಗಲಿಲ್ಲ. ದೇಹ ಸಿಗದವರಿಗೆ ದರ್ಭೆಯಿಂದಲೋ ಮುತ್ತುಗದ ಎಲೆಯಿಂದಲೋ ಪ್ರತಿಕೃತಿ ಮಾಡಿ ದಹಿಸುವ ವಿಧಿ ಶಾಸ್ತ್ರದಲ್ಲೇ ಇದೆ. ಮನೆಯಲ್ಲಿ ದೀಪ, ಬಟ್ಟೆ ಉಡಿಸುವುದು, ಹಾಡು, ಕೊನೆಯ ದರ್ಶನ ಎಲ್ಲವೂ ಎಂದಿನಂತೆ ನಡೆಯಲಿ, ಮೆರವಣಿಗೆ ಕಾಲೇಜಿನ ಕಡೆ ತಿರುಗಲಿ. ಸಾವಿನ ನಂತರದ ಕರ್ಮವಾದ ಮಾದ, ಭಾಗಮಂಡಲದ ಸಂಗಮದಲ್ಲಿ ಪಿಂಡ ಇಡುವುದು ಎರಡೂ ದೇಹವಿಲ್ಲದೆಯೂ ನಡೆಯುತ್ತವೆ. ಪೂರ್ವಜರ ಗುಡಿಯಾದ ಕೈಮಡದಲ್ಲಿ ಕಾರಣರಿಗೆ, ಅಂದರೆ ಪೂರ್ವಜರಿಗೆ, ವರ್ಷವರ್ಷ ಮೀದಿ (ಎಡೆ) ಇಡುವಾಗ ಅವರ ಮೂಳೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕ್ರೈಸ್ತರ ಮನೆಯಾದರೆ ಪಾದ್ರಿಗಳನ್ನು ಕೇಳಿ. 2000ದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಂಗದಾನವನ್ನು ಪ್ರೀತಿಯ ಕೆಲಸವೆಂದು ಬೆಂಬಲಿಸಿದ್ದರು. ಮಾಪಿಳ್ಳೆ ಮುಸ್ಲಿಮರ ಮನೆಗಳವರು ತಮ್ಮ ಉಸ್ತಾದರನ್ನು ಕಾಯಿಲೆ ಬರುವ ಮೊದಲೇ ಕೇಳಿಡುವುದು ಒಳ್ಳೆಯದು.

ಕಾಯಲಾಗದ ನಂಬಿಕೆ

ಗಡುವಿನ ಲೆಕ್ಕ ಹೊಂದದ ಜಾಗ ಕುಶಾಲನಗರದಿಂದ ಕೆಲವೇ ಮೈಲಿ ದೂರದ ಬೈಲುಕುಪ್ಪೆ. ಟಿಬೆಟನ್ ಬೌದ್ಧರಲ್ಲಿ ಉಸಿರು ನಿಂತ ಮೇಲೂ ಪ್ರಜ್ಞೆ ಕೂಡಲೇ ದೇಹ ಬಿಡುವುದಿಲ್ಲ ಎಂಬ ನಂಬಿಕೆಯಿದೆ. ಸಾಧಕರ ದೇಹವನ್ನು ಕೆಲವು ದಿನ ಮುಟ್ಟದೇ ಇಡುತ್ತಾರೆ. ಇಲ್ಲಿ ನಂಬಿಕೆಗೇ ಗಡುವಿದೆ, ಆರು ಗಂಟೆಯ ಕಣ್ಣುದಾನದ ಜೊತೆ ಅದು ಕೂಡಿಬರುವುದಿಲ್ಲ. ಒಪ್ಪಿಸಲು ಹೋಗಬೇಡಿ. ಆ ಸ್ಥಿತಿಯಲ್ಲಿದ್ದರೆನ್ನಲಾದ ಸಾಧಕರ ಮಿದುಳಿನ ತರಂಗಗಳನ್ನು ಅಳೆದ ವಿಜ್ಞಾನಿಗಳು 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಯಂತ್ರಕ್ಕೆ ಯಾವ ಚಟುವಟಿಕೆಯೂ ಸಿಗಲಿಲ್ಲ. ಅಳೆಯಲು ಭಿಕ್ಷುಗಳೇ ಬಾಗಿಲು ತೆರೆದರು, ಸಿಗದಿದ್ದದ್ದನ್ನು ಸಿಗಲಿಲ್ಲ ಎಂದೇ ವಿಜ್ಞಾನಿಗಳು ಬರೆದರು. ಎರಡೂ ಕಡೆಯವರ ಈ ನೇರ ನಡೆ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸಾವೇ ಇಲ್ಲದಂತೆ ಮಾಡುತ್ತೇವೆ ಎನ್ನುವವರು

ರಷ್ಯಾದ ಚಿಂತಕ ನಿಕೊಲಾಯ್ ಫ್ಯೋದರೊವ್ 1903ರಲ್ಲಿ ತೀರಿಕೊಳ್ಳುವವರೆಗೂ ಒಂದೇ ಮಾತು ಹೇಳುತ್ತಿದ್ದ: ಸತ್ತ ಪೂರ್ವಜರನ್ನೆಲ್ಲ ವಿಜ್ಞಾನದಿಂದ ಮತ್ತೆ ಎಬ್ಬಿಸುವುದು ಮಕ್ಕಳ ಕರ್ತವ್ಯ. ಕಾರಣರನ್ನು ಪೂಜಿಸುವ ಕೊಡಗಿಗೆ ಇದು ಪೂರ್ತಿ ಪರಕೀಯವೆನಿಸದು. ಆದರೆ ಇಂದು ಈ ಆಸೆಯನ್ನು ಹಣಕ್ಕೆ ಮಾರುವವರಿದ್ದಾರೆ, ಅವರನ್ನು ಅಳೆಯಲು ಬರಬೇಕು.

ಅಮೆರಿಕದಲ್ಲಿ ದೇಹವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ಸಂಸ್ಥೆಗಳಿವೆ. ಮೊದಲು ಹಾಗೆ ಇಟ್ಟದ್ದು 1967ರ ಜನವರಿಯಲ್ಲಿ, ಜೇಮ್ಸ್ ಬೆಡ್‌ಫರ್ಡ್ ಎಂಬವರ ದೇಹವನ್ನು. ಇಡೀ ದೇಹಕ್ಕೆ 2 ಲಕ್ಷ ಡಾಲರಿಗೂ ಮಿಕ್ಕಿ ಖರ್ಚು. ಇವತ್ತಿನವರೆಗೆ ಒಬ್ಬರೂ ಎದ್ದಿಲ್ಲ. ದನಗಳ ಕೃತಕ ಗರ್ಭಧಾರಣೆಗೆ ಪಶುವೈದ್ಯರು ತರುವ ಕ್ಯಾನಿನಲ್ಲಿರುವುದೂ ಇದೇ ದ್ರವ. ಅದರಲ್ಲಿ ವರ್ಷಗಟ್ಟಲೆ ಇಟ್ಟ ವೀರ್ಯದಿಂದ ಕರು ಹುಟ್ಟುತ್ತದೆ. ವೀರ್ಯ ತುಂಬಿಡುವ ಸಣ್ಣ ಕಡ್ಡಿಯಂಥ ನಳಿಗೆಯಲ್ಲಿರುವುದು ಕಾಲು ಮಿಲಿಲೀಟರ್, ಶೈತ್ಯದಿಂದ ಕಾಪಾಡುವ ಗ್ಲಿಸರಾಲ್ ಎಲ್ಲ ಕೋಶಕ್ಕೂ ತಲುಪುತ್ತದೆ, ತಂಪೂ ಶಾಖವೂ ಒಂದೇ ಸಮ ಹರಡುತ್ತವೆ. ದಪ್ಪ ಅಂಗದಲ್ಲಿ ಹೊರಭಾಗ ಕರಗುವಾಗ ಒಳಗೆ ಮಂಜಿನ ಹರಳು ಬೆಳೆದು ಕೋಶ ಹರಿಯುತ್ತದೆ, ಇಡೀ ಅಂಗವೇ ಬಿರುಕು ಬಿಡಬಹುದು. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು 100 ದಿನದವರೆಗೆ ಶೈತ್ಯದಲ್ಲಿಟ್ಟ ಇಲಿಯ ಮೂತ್ರಪಿಂಡವನ್ನು ಕಸಿ ಮಾಡಿ ಕೆಲಸ ಮಾಡಿಸಿದರು. ನಿಜವಾದ ಮುನ್ನಡೆ ಅದು. ಇಲಿಯ ಮೂತ್ರಪಿಂಡದಿಂದ ಮನುಷ್ಯನ ಮಿದುಳಿಗೆ ಇನ್ನೂ ಬಹಳ ದೂರ.

ಮುಪ್ಪು ತಡೆಯುವ ಮಾತ್ರೆಯ ಜಾಹೀರಾತು ಕಂಡರೆ ಕೇಳಿ: ಯಾವ ಪ್ರಾಣಿಯ ಮೇಲೆ ಪರೀಕ್ಷೆಯಾಗಿದೆ? ರಾಪಮೈಸಿನ್ ಎಂಬ ಔಷಧಿ 2009ರಲ್ಲಿ ಗಂಡಿಲಿಗಳ ಆಯುಸ್ಸನ್ನು ಶೇಕಡ 9, ಹೆಣ್ಣಿಲಿಗಳದ್ದನ್ನು ಶೇಕಡ 14 ಹೆಚ್ಚಿಸಿತು. ಮನುಷ್ಯರ ಆಯುಸ್ಸು ಹೆಚ್ಚಿದ ಪುರಾವೆ ಇಲ್ಲ. ನಿಜವಾಗಿ ಹೆಚ್ಚಿದ್ದು ಆಯುಸ್ಸೋ, ರಕ್ತಪರೀಕ್ಷೆಯ ಒಂದು ಅಂಕಿಯೋ? ಹೇಳುವವರೇ ಮಾರುವವರೋ? ದಾಖಲೆಯಿರುವ ಅತಿ ದೀರ್ಘ ಬದುಕು ಫ್ರಾನ್ಸಿನ ಜೀನ್ ಕಾಲ್ಮಾ ಅವರದು, 122 ವರ್ಷ, 1997ರಲ್ಲಿ ಮುಗಿಯಿತು. ಅದನ್ನು ಇನ್ನೂ ಯಾರೂ ದಾಟಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ 32 ವರ್ಷದ ಆಸುಪಾಸಿನಲ್ಲಿದ್ದ ಭಾರತೀಯರ ಸರಾಸರಿ ಆಯುಸ್ಸು 70ರ ಹತ್ತಿರ ಬಂದದ್ದು ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ, ಮಲೇರಿಯಾ ನಿಯಂತ್ರಣದಿಂದ; ಅವುಗಳನ್ನು ಯಾರೂ ಅಮರತ್ವ ಎಂದು ಮಾರಲಿಲ್ಲ.

ದೇವರ ಹೆಸರು ಹೇಳುವವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ. ಔಷಧಿ ನಿಲ್ಲಿಸಲು ಹೇಳುತ್ತಾರಾ? ಇಂಥ ದಿನಕ್ಕೆ ವಾಸಿಯಾಗುತ್ತದೆ ಎಂದು ಗ್ಯಾರಂಟಿ ಕೊಡುತ್ತಾರಾ? ಆಗದಿದ್ದರೆ ನಿಮ್ಮ ಭಕ್ತಿ ಸಾಲದು ಎನ್ನುತ್ತಾರಾ? ಒಂದಕ್ಕೆ ಹೌದು ಎಂದರೂ ಎದ್ದು ಬನ್ನಿ. ಮೃತ್ಯುಂಜಯ ಹೋಮ ಮಾಡಿಸುವ ಪುರೋಹಿತರು ‘ಡಾಕ್ಟರ್ ಹೇಳಿದ್ದನ್ನು ಬಿಡಬೇಡಿ’ ಎಂದರೆ ಅವರು ನಿಮ್ಮವರು.

ಮಾತಾಡುವುದು, ಬರೆದಿಡುವುದು

ಇದೆಲ್ಲ ಕೆಲಸಕ್ಕೆ ಬರಬೇಕಾದರೆ ಎಲ್ಲರೂ ಗಟ್ಟಿಯಾಗಿರುವಾಗ ಮಾತಾಡಿರಬೇಕು. ಒಕ್ಕದವರು ಸೇರುವ ಪುತ್ತರಿ, ಕಾರಣರಿಗೆ ಕೊಡುವ ದಿನ ಒಳ್ಳೆಯದು. ಸತ್ತವರ ಮಾತು ಹೇಗೂ ಬರುತ್ತದೆ. ‘ನೀವು ಸತ್ತರೆ ಏನು ಮಾಡಬೇಕು’ ಎಂದು ಶುರು ಮಾಡಬೇಡಿ. ‘ಅಜ್ಜಾ, ಕೊನೆಗೆ ಆಸ್ಪತ್ರೇಲಿ ಇರ್ಬೇಕಾ, ಮನೇಲಿ ಇರ್ಬೇಕಾ ನಿಮ್ಗೆ? ತೀರ್ಥ ಯಾರ ಕೈಯಿಂದ ಬೇಕು?’ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಬಂದರೆ ಮೊದಲನೆಯದಕ್ಕೂ ಬರುತ್ತದೆ.

ಹೇಳಿದ್ದನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳು, ಅಲರ್ಜಿ, ಹತ್ತಿರದ ಇಸಿಜಿ ಇರುವ ಆಸ್ಪತ್ರೆ, ಕಣ್ಣಿನ ತಂಡದ ನಂಬರು, ಕಣ್ಣು ಮತ್ತು ದೇಹದ ಬಗ್ಗೆ ಅವರ ಇಷ್ಟ, ಬೇಡವಾದ ಯಂತ್ರಗಳು, ಕರ್ಮ ನಡೆಸಬೇಕಾದವರ ಹೆಸರು. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು ಎಂಬುದನ್ನೂ ಕೆಳಗೆ ಬರೆದಿಡಿ. ಕರ್ಮದ ಗಡಿಬಿಡಿಯಲ್ಲಿ ಮರೆತು ಆಮೇಲೆ ಅಫಿಡವಿಟ್ ಹಿಡಿದು ಓಡಾಡುವವರು ಬಹಳ. ಮೂರು ಪ್ರತಿ ಮಾಡಿಸಿ. ಒಂದು ತೀರ್ಥದ ಬಾಟಲಿಯ ಜೊತೆ, ಒಂದು ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಮಗನ ಬಳಿ, ಏಕೆಂದರೆ ಫೋನಿನಲ್ಲಿ ‘ಎಲ್ಲ ಯಂತ್ರ ಹಾಕಿಸಿ, ಖರ್ಚು ನಾನು ನೋಡ್ತೇನೆ’ ಎನ್ನುವವನು ಹೆಚ್ಚಾಗಿ ಅವನೇ. ಮೂರನೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೀಪಿನ ಡ್ಯಾಶ್‌ಬೋರ್ಡಿನಲ್ಲಿಡಿ, ಮಳೆಗಾಲದಲ್ಲಿ ಒದ್ದೆಯಾಗದಂತೆ.